ಹಾಲ್ಸೆತ್ ಊರಿನ ಆಂಬುಲೆನ್ಸ್

ಆರ್ಡಿತ್ ಸ್ಲೆಟನ್ ಕೆಲಸ ಕಳೆದುಕೊಂಡದ್ದು ಮಗಳು ಮಾರ್ಲಿಸ್ ಹೊಟ್ಟೆಯಲ್ಲಿದ್ದಾಗ. ಅಮೆರಿಕದ ಉತ್ತರ ಡಕೋಟದ ಗೋಧಿ ಹೊಲಗಳ ನಡುವಿನ ಪುಟ್ಟ ಊರು ಹಾಲ್ಸೆತ್. ಇದ್ದದ್ದು ಒಂದೇ ಶಾಲೆ, ಆರ್ಡಿತ್ ಅಲ್ಲಿ ಟೀಚರು. ಬಸುರಿ ಟೀಚರು ಮಕ್ಕಳ ಮುಂದೆ ನಿಲ್ಲಬಾರದು ಅನ್ನುವುದು ಆಗಿನ ಕಟ್ಟಳೆ. ಹೊಟ್ಟೆ ಕಾಣಿಸುವ ಮೊದಲೇ ಹೆಂಗಸರು ತಾವಾಗಿಯೇ ರಾಜೀನಾಮೆ ಕೊಟ್ಟು ಮನೆ ಸೇರುತ್ತಿದ್ದರು. ಆರ್ಡಿತ್ ಕೊಡಲಿಲ್ಲ.

"ಮಕ್ಕಳು ಏನೇನೋ ಕೇಳ್ತಾರಮ್ಮ," ಎಂದರು ಹೆಡ್‌ಮಾಸ್ಟರು, ಕಿಟಕಿಯ ಕಡೆ ನೋಡುತ್ತ.

"ಏನು ಕೇಳ್ತಾರೆ ಸಾರ್? ಎಲ್ಲರ ಕೊಟ್ಟಿಗೇಲೂ ಹಸು ಕರು ಹಾಕುತ್ತೆ. ಈ ವಿಷಯದಲ್ಲಿ ಅವರೇ ನಿಮಗೆ ಪಾಠ ಹೇಳಿಯಾರು."

ಅವತ್ತೇ ಕೆಲಸದಿಂದ ತೆಗೆದರು. ಆದರೆ ಮಾರ್ಲಿಸ್ ನಡೆದಾಡುವ ಹೊತ್ತಿಗೆ ಅವಳ ಜಾಗಕ್ಕೆ ಬಂದವರೆಲ್ಲ ಡಕೋಟದ ಚಳಿಗೆ ಹೆದರಿ ಓಡಿಹೋಗಿದ್ದರು. ಹೆಡ್‌ಮಾಸ್ಟರು ಟೋಪಿ ಕೈಯಲ್ಲಿ ಹಿಡಿದು ಆರ್ಡಿತ್‌ಳ ಬಾಗಿಲಿಗೆ ಬಂದರು.

"ಬರ್ತೀನಿ. ಆದ್ರೆ ಇನ್ನೊಂದು ಮಗು ಆದರೆ ನೋವು ಬರೋವರೆಗೂ ಪಾಠ ಮಾಡ್ತೀನಿ. ಒಪ್ಪಿಗೇನಾ?"

ಅವರು ತಲೆಯಾಡಿಸಿದರು. ಮಗ ಹುಟ್ಟಿದ್ದು ಅವಳು ಭಿನ್ನರಾಶಿಯ ಪಾಠ ಮುಗಿಸಿ ಮನೆಗೆ ಹೋದ ಸಂಜೆ.

ಮಕ್ಕಳು ಬೆಳೆದರು. ಒಂದು ಜನವರಿಯಲ್ಲಿ ಗಂಡ ಆರ್ವಿಲ್ ಅಂಗಳದ ಹಿಮ ತೆಗೆಯುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದ. ಆಂಬುಲೆನ್ಸ್ ಬರಬೇಕಾದದ್ದು ದೂರದ ದೊಡ್ಡ ಊರಿನಿಂದ. ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡು, ತನ್ನ ಕೋಟು ಅವನಿಗೆ ಹೊದಿಸಿ ಆರ್ಡಿತ್ ರಸ್ತೆಯನ್ನೇ ನೋಡುತ್ತ ಕೂತಳು. ಗಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಚರ್ಚಿನ ನೆಲಮಾಳಿಗೆಯಲ್ಲಿ ಅಂತ್ಯಕ್ರಿಯೆಯ ಊಟ. ಯಾರೋ ಅವಳ ಕೈ ಹಿಡಿದು, "ಎಲ್ಲ ದೇವರ ಇಚ್ಛೆ," ಎಂದರು.

"ದೇವರನ್ನ ಯಾಕೆ ಎಳೀತೀರಿ ಇದಕ್ಕೆ? ನಮ್ಮೂರಲ್ಲಿ ಆಂಬುಲೆನ್ಸ್ ಇರಲಿಲ್ಲ, ಅಷ್ಟೇ," ಎಂದಳು ಆರ್ಡಿತ್.

ಹಿಮ ಕರಗುವ ಮುಂಚೆಯೇ ಅವಳು, ಊರಿಗೊಂದು ಆಂಬುಲೆನ್ಸ್ ಬೇಕು, ನಾವೇ ನಡೆಸುತ್ತೇವೆ ಎಂದು ಹೇಳಲು ಊರಿನ ಅಗ್ನಿಶಾಮಕ ಠಾಣೆಗೆ ಹೋದಳು. ಜೊತೆಗೆ ಕಾಫಿ ಅಂಗಡಿಯ ಬರ್ನಡೀನ್, ಇನ್ನಿಬ್ಬರು ತಾಯಂದಿರು. ಠಾಣೆಯ ಮುಖ್ಯಸ್ಥ ಲೈಲ್ ಬ್ರೆಕಿ ಒಂದು ಕಾಲಕ್ಕೆ ಅವಳ ಶಿಷ್ಯ.

"ಬೇಜಾರು ಮಾಡ್ಕೋಬೇಡಿ ಟೀಚರ್," ಎಂದ ಲೈಲ್. "ಆಂಬುಲೆನ್ಸ್ ಗಂಡಸರ ಕೆಲಸ. ನಮ್ಮೂರವರೇನು ಸಣ್ಣ ಆಳುಗಳಾ? ಸ್ಟ್ರೆಚರ್ ಎತ್ತೋದು ಅಂದ್ರೆ ಕಾಫಿ ಪಾತ್ರೆ ಎತ್ತಿದ ಹಾಗಲ್ಲ."

"ಮಲಕ್ಕೋ, ಲೈಲ್."

"ಏನು?"

"ಕೇಳಿಸಲಿಲ್ವಾ? ಸ್ಟ್ರೆಚರ್ ಮೇಲೆ ಮಲಕ್ಕೋ."

ಐದನೇ ಕ್ಲಾಸಿನಲ್ಲಿ ಕೇಳಿದ ಅದೇ ದನಿ. ಲೈಲ್ ಮಲಗಿದ. ನಾಲ್ವರು ಹೆಂಗಸರು ಅವನ ದಢೂತಿ ದೇಹವನ್ನು ಎತ್ತಿ, ರಸ್ತೆ ದಾಟಿ, ಚರ್ಚಿನ ಮೆಟ್ಟಿಲು ಹತ್ತಿಸಿದರು. ಅಂಗಡಿಗಳಿಂದ ಜನ ಹೊರಗೆ ಬಂದು ನಿಂತರು. ಆರ್ಡಿತ್‌ಳ ಭುಜ ಕಿತ್ತುಬರುವಂತಿತ್ತು, ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

"ಮೆಲ್ಲಗೆ ಇಳಿಸೋದಾ, ಇಲ್ಲಾ ಹೀಗೇ ಉರುಳಿಸಿಬಿಡೋದಾ?" ಎಂದಳು ಬರ್ನಡೀನ್, ಏದುಸಿರು ಬಿಡುತ್ತ.

"ಇಳಿಸ್ರಮ್ಮಾ! ನಿಮ್ಮ ದಮ್ಮಯ್ಯ!" ಎಂದ ಲೈಲ್, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು.

ಲೈಲ್ ಒಪ್ಪಿದ. ಆಂಬುಲೆನ್ಸಿಗೆಂದು ಸಿಕ್ಕ ಗಾಡಿ ಹೆಣ ಸಾಗಿಸುತ್ತಿದ್ದ ಹಳೆಯದು. "ಇದರೊಳಗೆ ಯಾರು ಹತ್ತುತ್ತಾರೆ?" ಎಂದು ಊರು ಮೂಗು ಮುರಿಯಿತು. ಆರ್ಡಿತ್ ಕೇಳಿಸಿಕೊಳ್ಳದೆ ಬಿಳಿ ಬಣ್ಣ ಬಳಿದಳು. ಮೊದಲು ಹತ್ತಿದ್ದು ಲೈಲ್‌ನ ಹೆಂಡತಿ, ಹೆರಿಗೆ ನೋವಿನಲ್ಲಿ. ಮಗು ಹುಟ್ಟಿದ್ದೂ ಆ ಗಾಡಿಯಲ್ಲೇ, ಆರ್ಡಿತ್‌ಳ ಕೈಗೇ. ಆಮೇಲೆ ಮೂಗು ಮುರಿಯುವವರು ಕಡಿಮೆಯಾದರು.

ಗಾಡಿ ಹತ್ತಿದವರೆಲ್ಲರೂ ಬದುಕಲಿಲ್ಲ. ತಾನೇ ಅಕ್ಷರ ಕಲಿಸಿದ ಹುಡುಗನೊಬ್ಬ ಟ್ರ್ಯಾಕ್ಟರ್ ಅಡಿ ಸಿಕ್ಕಿ ಸತ್ತ ದಿನ ಅವಳು ಅಡಿಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಮಾರ್ಲಿಸ್ ಎಷ್ಟು ಕರೆದರೂ ಏಳಲಿಲ್ಲ. ಬೆಳಿಗ್ಗೆ ಮುಖ ತೊಳೆದು ಶಾಲೆಗೆ ಹೋದಳು.

ಆರ್ಡಿತ್ ನಿವೃತ್ತಳಾದಳು; ಗಾಡಿಗಳು ಬದಲಾದವು. ಅವಳು ವಾಕರ್ ಹಿಡಿದು ನಡೆಯುವ ಕಾಲಕ್ಕೆ ಜಿಲ್ಲೆಯ ಅಧಿಕಾರಿಯೊಬ್ಬ ಬಂದು ಸಭೆ ಕರೆದ. ಗಾಡಿಯ ಜೊತೆ ಹೋಗಲು ಜನ ಸಾಲದು, ಆದ್ದರಿಂದ ಹಾಲ್ಸೆತ್‌ನ ಆಂಬುಲೆನ್ಸ್ ನಿಲ್ಲಿಸುತ್ತೇವೆ ಎಂದ.

"ನೀವಿರೋದೇ ಒಂದು ಹಿಡಿ ಜನ. ಅದರಲ್ಲೂ ಅರ್ಧ ಮುದುಕರು."

"ಅದಕ್ಕೇ ಬೇಕು ಕಣಯ್ಯಾ! ಹರೆಯದವರಿಗೆ ಬೈಕು ಸಾಕು," ಎಂದಳು ಆರ್ಡಿತ್. "ಜನ ತಾನೇ? ಹುಡುಕಿ ಕೊಡ್ತೀನಿ. ಅಲ್ಲೀವರೆಗೂ ಆ ಗಾಡಿ ಮುಟ್ಟಬೇಡ."

"ಅಮ್ಮಾ, ಈ ವಯಸ್ಸಲ್ಲಿ ಬೇಕಾ ಇದೆಲ್ಲ?" ಎಂದಳು ಮಾರ್ಲಿಸ್, ತಾನೂ ನರೆತವಳು.

"ನಿನಗೆ ಕಾಲು ನೋವಾದ್ರೆ ಕಾರಲ್ಲೇ ಕೂತಿರು."

ಮನೆಮನೆ ತಿರುಗಿದರು. ಹಲವರು ನೆಪ ಹೇಳಿದರು, ಇಬ್ಬರು ಒಪ್ಪಿದರು. ಊರಾಚೆಯ ಹಾಲಿನ ಡೇರಿಯ ಬಳಿ ಮೆಕ್ಸಿಕೋದಿಂದ ಬಂದ ಕೆಲಸಗಾರರ ಮನೆಗಳಿದ್ದವು. ಆ ಕಡೆ ಊರಿನವರು ಯಾರೂ ತಲೆ ಹಾಕುತ್ತಿರಲಿಲ್ಲ. ಆರ್ಡಿತ್ ಅಲ್ಲಿಯೂ ಬಾಗಿಲು ಬಡಿದಳು. ತೆರೆದವಳು ಮಾರಿಸೇಲಾ, ಕೈಯೆಲ್ಲ ಹಿಟ್ಟು. ಅವಳ ಬೆನ್ನ ಹಿಂದಿನಿಂದ ತಂಗಿ ಇಣುಕಿದಳು.

"ನನಗೆ ಇಂಗ್ಲಿಷ್ ಸರಿಯಾಗಿ ಬರಲ್ಲ ಅಜ್ಜಿ. ಊರವರು ಏನಂತಾರೋ..."

"ಅನ್ನೋವರು ಅಂದ್ಕೊಳ್ಳಲಿ. ಉಸಿರು ನಿಂತೋನು ನಿನ್ನ ವ್ಯಾಕರಣ ನೋಡ್ತಾನಾ? ಇಂಗ್ಲಿಷ್ ನಾನು ಕಲಿಸ್ತೀನಿ. ನಾಳೆ ಬಾ, ಜೊತೆಗೆ ನಿನ್ನ ತಂಗೀನೂ ಕರ್ಕೊಂಡು ಬಾ."

ಆ ಚಳಿಗಾಲವೆಲ್ಲ ಆರ್ಡಿತ್‌ಳ ಊಟದ ಮೇಜೇ ಶಾಲೆಯಾಯಿತು. ಮಾರಿಸೇಲಾ ಆಂಬುಲೆನ್ಸ್ ಕೆಲಸದ ಪರೀಕ್ಷೆಯಲ್ಲಿ ಒಂದು ಸಲ ಡುಮ್ಕಿ ಹೊಡೆದು ಅತ್ತಳು. "ಅತ್ತಿದ್ದಾಯ್ತಾ? ಪುಸ್ತಕ ತೆಗಿ," ಎಂದಳು ಆರ್ಡಿತ್. ಎರಡನೇ ಸಲ ಅಕ್ಕತಂಗಿಯರಿಬ್ಬರೂ ಪಾಸಾದರು. ಆಂಬುಲೆನ್ಸ್ ಊರಲ್ಲೇ ಉಳಿಯಿತು.

ಆರ್ಡಿತ್ ತೀರಿಕೊಂಡದ್ದು ಗೋಧಿ ಮೊಳೆಯುವ ಕಾಲದಲ್ಲಿ, ನಿದ್ದೆಯಲ್ಲಿ. ಚರ್ಚು ಕಿಕ್ಕಿರಿದಿತ್ತು. ಊರಿಗೆ ಆಗಷ್ಟೇ ಬಂದಿದ್ದ ಪಾದ್ರಿ ಅವಳನ್ನು ಹೆಚ್ಚು ಬಲ್ಲವನಲ್ಲ. ಗಂಟಲು ಸರಿಮಾಡಿಕೊಂಡು, "ಅವರು ಶಾಂತ ಸ್ವಭಾವದವರು, ಯಾರಿಗೂ ಎದುರು ಮಾತಾಡಿದವರಲ್ಲ..." ಎಂದು ಶುರುಮಾಡಿದ.

ಹಿಂದಿನ ಸಾಲಿನಲ್ಲಿ ಹಣ್ಣುಮುದುಕ ಲೈಲ್ ಕಿಸಕ್ಕೆಂದ. ಮಾರಿಸೇಲಾ ಬಾಯಿಗೆ ಕೈ ಅಡ್ಡ ಹಿಡಿದಳು. ಮಾರ್ಲಿಸ್‌ಗೂ ತಡೆಯಲಾಗಲಿಲ್ಲ. ನೋಡನೋಡುತ್ತ ಚರ್ಚಿಗೆ ಚರ್ಚೇ ನಗತೊಡಗಿತು. ಪಾದ್ರಿ ಕಣ್ಣು ಪಿಳಿಪಿಳಿ ಬಿಡುತ್ತ ನಿಂತ.