ಗಾಳಿ ಕಾಯುವ ಡಬ್ಬಿ

ಮತ್ತೆ ಆ ಕಿವಿ, ಕೆಂಪಗೆ, ಅಂಚಿನಲ್ಲಿ ಸಿಪ್ಪೆ ಸುಲಿದು, ಒಳಗಿಂದ ನಾಲ್ಕು ಬಿಳಿ ಕೂದಲು ಇಣುಕುತ್ತಾ — ಪಿಕಪ್ಪಿನಲ್ಲಿ ಎಡಕ್ಕೆ ಅವನು, ಬಲಕ್ಕೆ ನಾನು, ಐಡಹೋ ನೆವಾಡಾ ಎಲ್ಲಾ ಸುತ್ತಿದರೂ ಬೆಟ್ಟ ಕಣಿವೆಗಳಿಗಿಂತ ಹೆಚ್ಚು ನಾನು ನೋಡಿರುವುದು ಡುವೇನನ ಈ ಬಲಗಿವಿಯನ್ನೇ, ಇವತ್ತು ಟ್ವಿನ್ ಫಾಲ್ಸಿನ ಈ ಟ್ರೇಲರ್ ಸಾಮಾನಿನ ಅಂಗಡಿಗೆ ಬಂದರೂ ಅದೇ ನನ್ನೆದುರು, ಗಂಡ ಕೌಂಟರಿನ ಮೇಲೆ ಮೊಣಕೈ ಊರಿ ಬಾಗಿದ್ದಾನೆ, ಆಚೆ ಮಾರುವವನು, ಗಡ್ಡದ ಕರ್ಟ್, ಪೆಟ್ಟಿಗೆಯ ಮೇಲೆ ಪೆಟ್ಟಿಗೆ ತಂದಿಡುತ್ತಿದ್ದಾನೆ, ಎಲ್ಲವೂ ಟೈರಿನ ಗಾಳಿ ಕಾಯುವ ಯಂತ್ರಗಳು, ಒಂದೊಂದು ಟೈರಿನ ವಾಲ್ವಿಗೆ ಬಿರಡೆಯಷ್ಟು ದೊಡ್ಡ ಸೆನ್ಸರ್ ತಿರುಗಿಸಿ ಕೂರಿಸಿದರೆ ಆಯಿತು, ಗಾಳಿ ಇಳಿದ ಕೂಡಲೇ ಮುಂದೆ ಸ್ಟೀರಿಂಗ್ ಪಕ್ಕದ ಡಬ್ಬಿ ಕೂಗಿಕೊಳ್ಳುತ್ತದೆ, ಇಷ್ಟೇ ಕೆಲಸ, ಇಷ್ಟು ಕೆಲಸದ ವಸ್ತುವನ್ನು ಇವರಿಬ್ಬರೂ ಕುದುರೆ ಕೊಳ್ಳುವವರ ಹಾಗೆ ಹಿಂದೆ ಮುಂದೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ. ಇದರ ಸ್ಕ್ರೀನ್ ನೋಡಿ ಸಾರ್, ಎಂಥಾ ಬಿಸಿಲಲ್ಲೂ ಎದ್ದು ಕಾಣುತ್ತೆ. ಸ್ಕ್ರೀನು! ಟ್ರೇಲರ್ ಎಳೆಯುವವನು ರಸ್ತೆ ನೋಡುತ್ತಾನೋ ಸ್ಕ್ರೀನ್ ನೋಡುತ್ತಾನೋ, ನಾನು ಕೇಳಿದ್ದು ಒಂದೇ ಮಾತು, ಟ್ರೇಲರಿನ ಹಿಂದಿನ ಟೈರಿಂದ ಪಿಕಪ್ಪಿನವರೆಗೆ ಸುದ್ದಿ ಮುಟ್ಟುತ್ತದೆಯೇ ಅಂತ, ನಮ್ಮದು ಅಡುಗೆಮನೆ ಹಾಸಿಗೆ ಎಲ್ಲಾ ಒಳಗೇ ಇರುವ ಉದ್ದದ ಟ್ರೇಲರು, ನಡುವೆ ಸುದ್ದಿ ದಾಟಿಸುವ ಇನ್ನೊಂದು ಡಬ್ಬಿ ಬೇಕಾಗುತ್ತದಲ್ಲ ಅಂತ, ಅದಕ್ಕೆ ಕರ್ಟ್ ನನ್ನತ್ತ ನೋಡಿ ನಕ್ಕು ಉತ್ತರವನ್ನು ಡುವೇನನಿಗೆ ಹೇಳಿದ, ಡುವೇನ್ ದೊಡ್ಡ ಮನುಷ್ಯನ ಹಾಗೆ ತಲೆಯಾಡಿಸಿದ, ಪ್ರಶ್ನೆ ತನ್ನದೇ ಅನ್ನುವಂತೆ.

ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಕಳೆದ ಬೇಸಿಗೆಯಲ್ಲೂ ಹೀಗೇ ತಲೆಯಾಡಿಸಿದ್ದ — ಟ್ರೇಲರಿನವರು ತಂಗುವ ಒಂದು ಕ್ಯಾಂಪಿನಲ್ಲಿ, ಸಂಜೆಯಾದರೆ ಸಾಕು ಗಂಡಸರೆಲ್ಲ ಮಡಿಸುವ ಕುರ್ಚಿ ಬಿಚ್ಚಿ ಬಿಯರ್ ಹಿಡಿದು ಒಂದೊಂದು ಟ್ರೇಲರಿನ ಮುಂದೆ ವೃತ್ತವಾಗಿ ಕೂರುತ್ತಿದ್ದರು, ಎಲ್ಲರೂ ಪಂಡಿತರೇ, ಒಬ್ಬನಿಗೆ ಬ್ರೇಕಿನ ವಿದ್ಯೆ, ಒಬ್ಬನಿಗೆ ಕಕ್ಕಸಿನ ಟ್ಯಾಂಕಿನ ವಿದ್ಯೆ, ಟೈರಿನ ವಿದ್ಯೆ ಮಾತ್ರ ಪಕ್ಕದ ಟ್ರೇಲರಿನ ರಸ್ಟಿ ಹಾಲ್ವರ್ಸನ್ನನದು, ಕೈಯಲ್ಲೊಂದು ಮರದ ದೊಣ್ಣೆ, ದಿನಾ ಬೆಳಿಗ್ಗೆ ತನ್ನ ಟೈರುಗಳಿಗೆ ಒಂದೊಂದು ಏಟು ಕೊಟ್ಟು ತಲೆ ವಾರೆ ಮಾಡಿ ಆಲಿಸುವನು, ಡಾಕ್ಟರು ಎದೆಗೆ ಕೊಳವೆ ಇಟ್ಟ ಹಾಗೆ, ಯಂತ್ರಗಿಂತ್ರ ಯಾಕೆ ಡುವೇನ್, ನಂಗೆ ಇದೇ ಸಾಕು ಕಣಯ್ಯ. ಅವತ್ತು ಮಧ್ಯಾಹ್ನ ಸುಡುಬಿಸಿಲು, ಆಗತಾನೇ ಬಂದು ನಿಂತ ಟ್ರೇಲರು, ಡುವೇನ್ ಗಾಳಿ ಅಳೆದು ನೋಡಿದರೆ ಟೈರಿನ ಮೇಲೆ ಬರೆದದ್ದಕ್ಕಿಂತ ಜಾಸ್ತಿ, ರಸ್ಟಿ ಬಂದು ದೊಣ್ಣೆಯಿಂದ ತಟ್ಟಿ ತೀರ್ಪು ಕೊಟ್ಟ, ಬಿಟ್ಬಿಡಯ್ಯ ಒಂಚೂರು ಗಾಳಿ, ಇಲ್ದಿದ್ರೆ ಸಿಡಿಯುತ್ತೆ. ಓಡಿ ಬಿಸಿಯಾದ ಟೈರಿನಲ್ಲಿ ಗಾಳಿ ಏರುವುದು ಸಹಜ, ತಣ್ಣಗಿದ್ದಾಗ ಅಳೆಯಬೇಕು, ಬಿಸಿಯಲ್ಲಿ ಬಿಟ್ಟರೆ ಬೆಳಿಗ್ಗೆ ಟೈರು ಸೊರಗಿರುತ್ತದೆ, ಇದು ಟೈರಿನ ಜೊತೆ ಬಂದ ಪುಸ್ತಿಕೆಯ ಮೊದಲ ಪುಟದಲ್ಲೇ ಇದೆ, ನಾನು ಟ್ರೇಲರಿನ ಮೆಟ್ಟಿಲ ಮೇಲೆ ನಿಂತು ಹೇಳಿದೆ, ಬಿಡಬೇಡ ಡುವೇನ್, ಅದು ಬಿಸಿಗೆ ಏರಿರೋದು, ಬೆಳಿಗ್ಗೆ ನೋಡು. ಅವನು ನನ್ನತ್ತ ತಿರುಗಿ ಮುಗುಳ್ನಕ್ಕು ತಲೆಯಾಡಿಸಿ, ಮತ್ತೆ ಬಾಗಿ, ಪುಸ್ ಎಂದು ಗಾಳಿ ಬಿಡುತ್ತಲೇ ಇದ್ದ, ನಾಲ್ಕೂ ಟೈರಿಗೆ, ಒಂದಾದ ಮೇಲೊಂದು, ರಸ್ಟಿಯ ಮುಂದೆ ಹೆಂಡತಿಯ ಮಾತಿಗೆ ಕವಡೆ ಕಿಮ್ಮತ್ತಿಲ್ಲ ಅಂತ ತೋರಿಸುವುದಕ್ಕೆ. ಆ ಮುಗುಳ್ನಗೆ ನೆನೆದರೆ ಈಗಲೂ ಮೈ ಉರಿಯುತ್ತದೆ.

ಮಾರನೆಯ ದಿನ ನೆವಾಡಾದ ವೆಲ್ಸ್ ಊರಿನ ಕಡೆ ಹೋಗುವ ದಾರಿ, ಎರಡೂ ಕಡೆ ಬೂದು ಪೊದೆ ಬಿಟ್ಟರೆ ಏನೂ ಇಲ್ಲ, ಹಿಂದಿನಿಂದ ಸಣ್ಣಗೆ ಸಿಳ್ಳೆ ಹಾಕಿದಂಥ ಸದ್ದು, ತಗಡಿನ ಮೇಲೆ ಉಗುರು ಗೀರಿದ ಹಾಗೆ, ನಿಲ್ಲುವುದೇ ಇಲ್ಲ, ನಾನು ಕೇಳಿದೆ, ಏನದು ಸದ್ದು, ಅವನು ಸ್ಟೀರಿಂಗ್ ಹಿಡಿದು ನೆಟ್ಟಗೆ ಕೂತು, ಯಾವ ಸದ್ದೇ, ನಂಗೇನೂ ಕೇಳಿಸ್ಲಿಲ್ಲಪ್ಪ. ಯಾವ ಸದ್ದೇ! ಅಷ್ಟು ಹೇಳಿ ಮತ್ತೆ ಆ ಕೆಂಪು ಕಿವಿ ನನ್ನ ಕಡೆಗೆ. ಮೈಲುಗಟ್ಟಲೆ ಹಾಗೇ ಓಡಿಸಿದ, ಕೊನೆಗೆ ಲಾರಿಯವನೊಬ್ಬ ಪಕ್ಕಕ್ಕೆ ಬಂದು ಭೋಂ ಎಂದು ಹಾರ್ನ್ ಹೊಡೆದು ಕೈ ತೋರಿಸಿದಾಗ ಮಾತ್ರ, ಇವನಿಗೇನು ಬಂತು ರೋಗ ಅಂತ ಬೈದುಕೊಂಡೇ ನಿಲ್ಲಿಸಿದ, ಇಳಿದು ನೋಡಿದರೆ ಹಿಂದಿನ ಟೈರಿನ ಚರ್ಮ ಪೂರ್ತಿ ಸುಲಿದು ಹೋಗಿದೆ, ಸುಲಿದ ಪಟ್ಟಿ ತಿರುಗಿ ತಿರುಗಿ ಟ್ರೇಲರಿನ ತಳವನ್ನು ಹರಿದು, ನೀರಿನ ಪೈಪು ಕಿತ್ತು, ಅಡುಗೆ ಕಪಾಟಿನೊಳಗೆ ನುಗ್ಗಿ, ಅಮ್ಮನ ನೀಲಿ ಅಂಚಿನ ತಟ್ಟೆಗಳನ್ನೆಲ್ಲ ಪುಡಿ ಮಾಡಿತ್ತು. ನಾನು ಚೂರು ಹೆಕ್ಕುತ್ತಾ ಕೂತರೆ ಅವನು ಹೊರಗೆ ನಿಂತು, ಚೀನಾ ಟೈರು, ಏನೂ ಮಾಡಕ್ಕಾಗಲ್ಲ. ತಪ್ಪು ಒಪ್ಪಿಕೊಳ್ಳುವ ಬದಲು ಸದ್ದೇ ಆಗಲಿಲ್ಲ ಅನ್ನುವವನು, ಸುಳ್ಳ, ಆ ದಿನದಿಂದ ನಾನು ಅವನಿಗೆ ಮನಸ್ಸಿನೊಳಗೆ ಇಟ್ಟ ಹೆಸರು ಅದು, ಕಾಫಿ ಕೊಡುವಾಗಲೂ ಅದೇ, ತಗೋ ಸುಳ್ಳ.

ಮತ್ತೆ ಆ ಟ್ರೇಲರ್ ಬಿಟ್ಟರೆ ನಮಗೆ ಮನೆಯೂ ಇಲ್ಲ ಈಗ, ಮಾರಿಯಾಯಿತು, ಅದೂ ಅವನದೇ ಹಟ, ಸಕ್ಕರೆ ಕಾರ್ಖಾನೆಯಲ್ಲಿ ಆಯುಷ್ಯವಿಡೀ ಆ ಕಿರುಚುವ ಯಂತ್ರಗಳ ನಡುವೆ ನಿಂತು ಸವೆದಿದ್ದೀನಿ ನೆಡ್ರಾ, ಇನ್ನು ಗಾಲಿ ಮೇಲೆ ಬದುಕೋಣ, ಚಳಿಗಾಲಕ್ಕೆ ಅರಿಜೋನಾ, ಬೇಸಿಗೆಗೆ ಬೆಟ್ಟ. ಸರಿ ಅಂದೆ, ಈಗ ಸೋಮವಾರ ದಕ್ಷಿಣಕ್ಕೆ ಹೊರಡಬೇಕು, ಆ ಉದ್ದನೆಯ ಇಳಿಜಾರಿನಲ್ಲಿ ಹಿಂದಿನಿಂದ ಇಡೀ ಮನೆ ನೂಕುತ್ತಿರುತ್ತದೆ, ಅಲ್ಲಿ ಟೈರು ಹೋದರೆ ತಟ್ಟೆ ಅಲ್ಲ, ನಾವೇ ಪುಡಿ, ಅದಕ್ಕೇ ಹೇಳಿದೆ, ಯಂತ್ರ ಕೊಳ್ಳದೆ ನಾನು ಪಿಕಪ್ ಹತ್ತುವುದಿಲ್ಲ, ಎರಡು ಸಲ ಹೇಳಿಸಿಕೊಂಡ, ಮೊದಲನೆಯ ಸಲ ಏನು ಅಂದ, ಯಾವಾಗಲೂ ಏನು, ನಾನು ಮಾತಾಡಿದರೆ ಏನು, ರಸ್ಟಿ ಗೊಗ್ಗರು ಗಂಟಲಲ್ಲಿ ಗೊಣಗಿದರೂ ಒಂದಕ್ಷರ ಬಿಡದೆ ಕೇಳುತ್ತದೆ, ಈ ಕರ್ಟ್ ಗಡ್ಡದೊಳಗೇ ಮಾತಾಡಿದರೂ ಕೇಳುತ್ತದೆ, ಹೆಂಡತಿ, ಮಗಳು, ಬ್ಯಾಂಕಿನ ಹುಡುಗಿ, ಹೆಂಗಸರು ಬಾಯಿ ತೆರೆದರೆ ಮಾತ್ರ ಏನು. ಗಂಡಸು! ಈಗ ಕರ್ಟ್ ಹೇಳುತ್ತಿದ್ದಾನೆ, ಇದರ ಬ್ಯಾಟರಿ ನೀವೇ ಬದಲಾಯಿಸ್ಬಹುದು ಸಾರ್, ಅದರದ್ದು ಆಗಲ್ಲ, ಸತ್ತರೆ ಸೆನ್ಸರೇ ಬಿಸಾಡ್ಬೇಕು, ಡುವೇನ್ ಹಾಗಾದ್ರೆ ಇದೇ ಇರ್ಲಿ ಅಂದ, ಬಣ್ಣದ ಸ್ಕ್ರೀನಿನದು, ಗೊತ್ತಿತ್ತು, ಇದರ ಜೊತೆಗೆ ಆ ನಡುವಿನ ಡಬ್ಬಿ ಇದೆಯಾ ನೋಡ್ತೀನಿ ಅಂತ ಕರ್ಟ್ ಒಳಗೆ ಹೋದ.

ಕೌಂಟರಿನ ಮೇಲೆ ತೋರಿಸಲಿಕ್ಕೆಂದು ಒಂದು ಪುಟ್ಟ ಟೈರು, ಅದರ ವಾಲ್ವಿಗೆ ಸೆನ್ಸರು, ಪಕ್ಕದಲ್ಲಿ ಡಬ್ಬಿ, ಸ್ಕ್ರೀನ್ ಆ ಕಡೆಗೆ ತಿರುಗಿದೆ, ಡುವೇನನ ಕೈ ಡಬ್ಬಿಗೆ ತಾಗುವಷ್ಟು ಹತ್ತಿರ, ಕನ್ನಡಕ ಮೂಗಿನ ತುದಿಗಿಟ್ಟು ಪೆಟ್ಟಿಗೆಯ ಮೇಲಿನ ಬರಹ ಓದುತ್ತಿದ್ದಾನೆ, ನನಗೆ ಬೇಸರ, ಬೆರಳಿಗೆ ಕೆಲಸ ಬೇಕು, ಆ ಸೆನ್ಸರನ್ನು ಹಿಡಿದು ತಿರುಗಿಸಿದೆ, ಬಿಚ್ಚಿ ಬಂತು, ಡಬ್ಬಿ ಕೂಗಿತು — ಚೀ ಚೀ ಚೀ ಎಂದು, ಹಲ್ಲಿನ ಬೇರು ಜುಮ್ಮೆನ್ನುವಷ್ಟು ಸಣ್ಣ ಚೂಪು ದನಿ, ಕ್ಯಾಷ್ ಪಕ್ಕ ಮಲಗಿದ್ದ ನಾಯಿ ಎದ್ದು ನಿಂತಿತು, ಅಂಗಡಿಯ ಆ ತುದಿಯಲ್ಲಿ ಕೊಳವೆ ಆರಿಸುತ್ತಿದ್ದ ಹೆಂಗಸು ಕಿವಿ ಮುಚ್ಚಿಕೊಂಡು ಇತ್ತ ನೋಡಿದಳು, ಈಗ ಬೈಯುತ್ತಾನೆ, ಮುಟ್ಟಬೇಡ ಕಣೇ ಅನ್ನುತ್ತಾನೆ, ಅನ್ನಲಿ, ಚೀ ಚೀ ಚೀ, ಅವನು ಪುಟ ಓದಿದ ಹಾಗೆ ಪೆಟ್ಟಿಗೆ ತಿರುಗಿಸಿ ಇನ್ನೊಂದು ಬದಿ ಓದತೊಡಗಿದ, ನಾಟಕ, ನನ್ನನ್ನು ಕೆಣಕುವುದಕ್ಕೆ, ಡಬ್ಬಿ ಅವನ ಕೈಬುಡದಲ್ಲೇ ಕಿರುಚುತ್ತಿದೆ, ಅವನು ಸಣ್ಣಗೆ ಗುನುಗುತ್ತಿದ್ದಾನೆ, ಯಾವುದೋ ಹಾಡು, ನೆಮ್ಮದಿಯಾಗಿ — ನಾಟಕ ಆಡುವವನು ಗುನುಗುವುದಿಲ್ಲ. ಗುನುಗುವುದಿಲ್ಲ. ಒಳಗಿನಿಂದ ಕರ್ಟ್, ಸಾರ್, ಒಂದು ನಿಮಿಷ ಇರಿ, ಅಂದ ದಪ್ಪ ದನಿಗೆ ತಟ್ಟನೆ ತಲೆಯೆತ್ತಿ, ನಿಧಾನಕ್ಕೆ ಬಾರಯ್ಯ, ಅಂದ, ಅಂದು ಮತ್ತೆ ಓದತೊಡಗಿದ, ಚೀ ಚೀ ಚೀ. ಯಾವ ಸದ್ದೇ, ನಂಗೇನೂ ಕೇಳಿಸ್ಲಿಲ್ಲಪ್ಪ. ಸಿಳ್ಳೆ ಹಾಗೆ ಸಣ್ಣಗಿತ್ತು ಅದು. ಮೆಟ್ಟಿಲ ಮೇಲೆ ನಿಂತು ಹೇಳಿದ ನನ್ನ ಮಾತೂ ಸಣ್ಣಗಿತ್ತು, ನನ್ನ ದನಿಯೇ ಸಣ್ಣದು, ಮಗಳದೂ, ನಕ್ಕು ತಲೆಯಾಡಿಸಿದ, ಕೇಳದ ಮಾತಿಗೆ ಮನುಷ್ಯ ಇನ್ನೇನು ಮಾಡುತ್ತಾನೆ, ನಗುತ್ತಾನೆ, ಆ ಕಿರುಚುವ ಯಂತ್ರಗಳ ನಡುವೆ ಆಯುಷ್ಯವಿಡೀ — ಸುಳ್ಳನಲ್ಲ. ಸುಳ್ಳನಲ್ಲ ಇವನು. ಸೋಮವಾರ ಆ ಇಳಿಜಾರಿನಲ್ಲಿ ಡಬ್ಬಿ ಕೂಗುತ್ತಿರುತ್ತದೆ, ಇವನು ಹೀಗೇ ಗುನುಗುತ್ತಾ, ಸ್ಟೀರಿಂಗ್ ಹಿಡಿದು, ನನಗೆ ಭಯವಾಗುತ್ತಿದೆ, ಡುವೇನ್, ಅಂದೆ, ಯಾವಾಗಲೂ ಕರೆಯುವ ದನಿಯಲ್ಲೇ, ಡುವೇನ್, ಒಂದು ಮಾರಿನಷ್ಟೂ ದೂರವಿಲ್ಲ, ಅದು ಅಲುಗಲಿಲ್ಲ, ಚೀ ಚೀ ಚೀ, ಅಲ್ಲೇ ಇದೆ, ಕೆಂಪಗೆ, ಅಂಚಿನಲ್ಲಿ ಸಿಪ್ಪೆ ಸುಲಿದು, ನನ್ನ ಕಡೆಗೇ ತೆರೆದುಕೊಂಡಿರುವ ಆ ಕಿವಿ, ಆ ಕಿವಿ