ಈರಬಸಪ್ಪನವರ ಅಮೆರಿಕ

ಟಿ.ವಿ.ಯಲ್ಲಿ ಅಮೆರಿಕದ ಸುದ್ದಿ ಶುರುವಾಗುವ ಮುನ್ನ ಈರಬಸಪ್ಪನವರು ಕೋಟು ತೊಡುತ್ತಿದ್ದರು. ಮದುವೆಗೂ ಬ್ಯಾಂಕಿಗೂ ಧೋತರದ ಮೇಲೊಂದು ಅಂಗಿ ಸಾಕೆನ್ನುವ ಮನುಷ್ಯ, ತಮ್ಮದೇ ಮನೆಯ ಪಡಸಾಲೆಯಲ್ಲಿ ಕುರ್ಚಿಯ ತುದಿಗೆ ಕೂತು ಬೂದುಬಣ್ಣದ ಕೋಟಿನ ಗುಂಡಿಗಳನ್ನೆಲ್ಲ ಶ್ರದ್ಧೆಯಿಂದ ಹಾಕಿಕೊಳ್ಳುವುದನ್ನು ಕಂಡವರಿಗೆ ನಗು ತಡೆಯುತ್ತಿರಲಿಲ್ಲ. “ಅಲ್ಲೆ ಅವರು ಕೋಟ್ ಹಾಕ್ಕೊಂಡು ದೇಶದ ಮಾತಾಡಾಕತ್ತಾರ. ನಾವು ಬನಿಯನ್ ಮ್ಯಾಲೆ ಕುಂತು ಕೇಳೂದು ಶೋಭಾ ಅಲ್ರಿ” ಎನ್ನುತ್ತಿದ್ದರು.

ಪುಣೆ ಕ್ಯಾಂಪಿನಲ್ಲಿ ಕೆಳಗೆ ಅವರ ಸೂಟಿನ ಬಟ್ಟೆಯ ಅಂಗಡಿ, ಮೇಲೆ ಮನೆ. ಅಂಗಡಿಯ ಬಾಗಿಲ ಮೇಲೆ, ಗದಗಿನಿಂದ ಬಂದು ನೆಲೆನಿಂತ ತಂದೆ ಬರೆಸಿದ್ದ ಹಲಗೆ: ‘ಒಂದೇ ಮಾತು’. ಖಡಕಿ ದಂಡಿನ ಮೇಜರ್ ಬರಲಿ, ಸ್ವಂತ ಷಡ್ಡಕ ಬರಲಿ, ಹೇಳಿದ ದರ ಹೇಳಿದ್ದೇ. ಆ ಅಂಗಡಿಸಾಲಿನಲ್ಲಿ ಈರಬಸಪ್ಪನವರ ಮಾತಿಗಿದ್ದ ಬೆಲೆ ಅವರ ಬಟ್ಟೆಗೂ ಇರಲಿಲ್ಲ. ಅವರ ಅಭಿಮಾನವೆಲ್ಲ ಆ ಹಲಗೆಯಲ್ಲಿತ್ತು.

ಕೊಲ್ಲಿ ಯುದ್ಧದ ವರ್ಷ ಓಣಿಗೆ ಕೇಬಲ್ ಬಂದು, ಅಮೆರಿಕದ ಸುದ್ದಿವಾಹಿನಿಯೊಂದು ಸಿಕ್ಕಾಗ ಹಿಡಿದ ಹುಚ್ಚು ಆಮೇಲೆ ಬಿಡಲಿಲ್ಲ. ಆ ವಾಹಿನಿಯ ರಾಜಕೀಯ ಪಂಡಿತರಿಗೆಲ್ಲ ಅವರದೇ ನಾಮಕರಣ: ಮೇಜು ಗುದ್ದುವವನು ಕಾಕಾ, ಕಣ್ಣು ಮುಚ್ಚಿ ತರ್ಕ ಹೂಡುವವನು ವಕೀಲ, ಇಬ್ಬರ ಮಾತನ್ನೂ ನಡುವೆಯೇ ಕತ್ತರಿಸುವಾಕೆ ಅಕ್ಕಾವರು. ಚರ್ಚೆ ಮುಗಿದದ್ದೇ ತಡ, ಅರವತ್ತರ ಈ ಸಾಹುಕಾರರು ಧೋತರದ ಚುಂಗು ಹಿಡಿದು ಧಡಧಡನೆ ಮೆಟ್ಟಿಲಿಳಿದು, ಗಜಕಡ್ಡಿಯಿಂದ ಗಲ್ಲೆಯ ಮೇಲೆ ಕುಟ್ಟುತ್ತ, ಮೂವರ ಪಾತ್ರವನ್ನೂ ತಾವೊಬ್ಬರೇ ಅಭಿನಯಿಸಿ, ಕೊನೆಗೆ ಬೆರಳೆತ್ತಿ “ಬರದಿಟ್ಕೋರಿ!” ಎಂದು ತೀರ್ಪು ಕೊಡುತ್ತಿದ್ದರು. ನಿತ್ಯದ ಶ್ರೋತೃ ಕಾಂತಪ್ಪ, ಖಡಕಿಯ ಕಾರ್ಖಾನೆಯಲ್ಲಿ ಗುಮಾಸ್ತಿಕೆ ಮುಗಿಸಿ ನಿವೃತ್ತರಾದವರು, ಚಹಾ ಊದುತ್ತಲೇ ತಣ್ಣೀರೆರಚುತ್ತಿದ್ದರು: “ನಿಮ್ಮ ಕಾಕಾಗ ಏನ್ ಗೊತ್ತೈತ್ರೀ ಸಾವ್ಕಾರ?”

ಎರಡು ಸಾವಿರನೆಯ ಇಸವಿಯ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರ ಚುನಾವಣೆ. ಅಲ್ಲಿ ರಾತ್ರಿ ಎಣಿಕೆ, ಇಲ್ಲಿ ಹಾಡುಹಗಲು. ಈರಬಸಪ್ಪನವರ ಸಂಭ್ರಮಕ್ಕೆ ಸ್ನಾನ ಪೂಜೆಗಳೂ ಅವಸರದಲ್ಲಿ ಮುಗಿದವು. ಬೆಳಿಗ್ಗೆ ವಾಹಿನಿ ಒಂದು ರಾಜ್ಯದ ಗೆಲುವನ್ನು ಒಬ್ಬ ಅಭ್ಯರ್ಥಿಗೆ ಕೊಟ್ಟು ಆಮೇಲೆ ಕಸಿದುಕೊಂಡಿತು. “ಸ್ವಲ್ಪ ತಡೀರಿ” ಎಂದರು ಕಾಂತಪ್ಪ. ಈರಬಸಪ್ಪನವರದು ಒಂದೇ ಉತ್ತರ: “ಒಮ್ಮೆ ಎಡವಿದಾವ ಮತ್ತ ಎಡವೂದಿಲ್ರಿ. ಬರದಿಟ್ಕೋರಿ!” ಮಧ್ಯಾಹ್ನ ಹೊಸ ಅಧ್ಯಕ್ಷನ ಹೆಸರು ಪರದೆಯ ಮೇಲೆ ಮಿಂಚಿತು, ಕಾಕಾ ಮೇಜು ಗುದ್ದಿದ. ಈರಬಸಪ್ಪನವರು ಕೋಟಿನಲ್ಲೇ ಬೀದಿಗಿಳಿದು, ಸಾಲಿನ ಅಂಗಡಿಗಳಿಗೆಲ್ಲ ಪೇಢೆ ಹಂಚಿ, “ಇದು ನನ್ನ ಮಾತು!” ಎಂದು ಸಾರಿ ಬಂದರು.

ಊಟದ ಹೊತ್ತು ಕಳೆದ ಮೇಲೆ ಅವರ ಹೆಂಡತಿ ಗೌರಾಬಾಯಿ ಮೆಟ್ಟಿಲ ಮೇಲೆ ಬಂದು ನಿಂತರು. “ಏನ್ರೀ, ನಿಮ್ಮ ಕಾಕಾ ಮಾತು ಹಿಂದ ತಗೊಂಡಾನ. ಯಾರೂ ಗೆದ್ದಿಲ್ಲಂತ.”

ಕಾಂತಪ್ಪ ತಲೆಯೆತ್ತಿ ಹಲಗೆಯನ್ನೊಮ್ಮೆ ನೋಡಿದರು. ಅಷ್ಟೇ ಸಾಕಾಯಿತು. ಸುಮ್ಮನಿದ್ದಿದ್ದರೆ ಯಾರು ಕೇಳುತ್ತಿದ್ದರು? ಪೇಢೆ ತಿಂದವರು ಅಧ್ಯಕ್ಷನ ಹೆಸರನ್ನು ಆಗಲೇ ಮರೆತಿದ್ದರು. ಆದರೆ ಈರಬಸಪ್ಪನವರು ಕೋಟಿನ ಗುಂಡಿಗಳನ್ನು ಮತ್ತೆ ಹಾಕಿಕೊಂಡು, ಹೋದ ಅಂಗಡಿಗಳಿಗೆಲ್ಲ ಮರಳಿ ಹೋಗಿ, ಮರಾಠಿಯವರ ಮುಂದೆ “ಚೂಕ ಝಾಲೀ” ಎಂದೂ ನಮ್ಮವರ ಮುಂದೆ “ತಪ್ಪಾತ್ರಿ, ಬರದಿಟ್ಟಿದ್ದ ಅಳಸ್ರಿ” ಎಂದೂ ಕೈಮುಗಿದರು. ಬೇಕರಿಯ ಮುದುಕ, ಓಟು ಹಾಕಿದ್ದು ನೀವಲ್ಲವಲ್ಲ ಎಂದು ಬಿದ್ದುಬಿದ್ದು ನಕ್ಕ. ತಿರುಗಿ ಬಂದ ಸಾಹುಕಾರರು ಸ್ಟೂಲು ಹಾಕಿ, ಹತ್ತಿ, ಹಲಗೆಯನ್ನು ತಾವೇ ಇಳಿಸಿದರು. ಅದನ್ನೂ ಸ್ಟೂಲನ್ನೂ ಮೆಟ್ಟಿಲ ಬುಡದಲ್ಲೇ ಇಟ್ಟು ಮೇಲೆ ಹೋದರು.

ಸಂಜೆ ಪರದೆಯ ಮೇಲೆ ಕಾಕಾ, ವಕೀಲ, ಅಕ್ಕಾವರು ಅದೇ ಕುರ್ಚಿಗಳಲ್ಲಿ, ಅದೇ ಠೀವಿಯಲ್ಲಿ, ಇಂಥದನ್ನು ಯಾರೂ ಊಹಿಸಲಾರರೆಂದು ವಾದಿಸುತ್ತಿದ್ದರು.

“ನಾ ಕೆಳಗಿದ್ದಾಗ ‘ತಪ್ಪಾತು’ ಅಂತೇನರ ಇವರು ಅಂದರೇನು?” ಎಂದು ಈರಬಸಪ್ಪನವರು ಹೆಂಡತಿಯನ್ನು ಕೇಳಿದರು.

“ಇಲ್ರಿ” ಎಂದರು ಗೌರಾಬಾಯಿ.

ಸುದ್ದಿ ಇನ್ನೂ ನಡೆಯುತ್ತಿರುವಾಗಲೇ ಈರಬಸಪ್ಪನವರು ಅಂದು ಮೊದಲ ಬಾರಿಗೆ ಕೋಟು ಬಿಚ್ಚಿದರು.

ಮರುದಿನ ಅಂಗಡಿ ತೆರೆಯಲು ಇಳಿದು ಬಂದರೆ ಕಾಂತಪ್ಪ ಆಗಲೇ ಸ್ಟೂಲಿನ ಮೇಲಿದ್ದರು. ಹಲಗೆ ಒರೆಸಿ, ಮೊಳೆಗೆ ಸಿಕ್ಕಿಸಿ, ಸೊಟ್ಟಗಿದೆಯೇ ಎಂದು ಓರೆಗಣ್ಣಿನಿಂದ ನೋಡುತ್ತಿದ್ದರು. “ನಿಮ್ಮ ಅಂಗಡಿಗೆ ಇದು ಇರಬೇಕ್ರಿ ಸಾವ್ಕಾರ. ಬರದಿಟ್ಕೋರಿ” ಎಂದು, ಇಳಿಯುತ್ತಲೇ, “ಮತ್ತ ಎಣಸ್ತಾರಂತಲ್ಲ, ಏನಂತಾನ ಕಾಕಾ?” ಎಂದರು. ಈರಬಸಪ್ಪನವರು ಕೋಟಿಗಾಗಿ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದರು.

ಲೋಕದ ವಾರ್ತೆಯನ್ನು ಮನೆವಾರ್ತೆಯಂತೆ ಮೈಗೆ ಹಚ್ಚಿಕೊಳ್ಳುವ ಇಂಥವರು ಮುಗ್ಧರು, ಆತುರಗಾರರು, ಒಮ್ಮೊಮ್ಮೆ ನಗೆಪಾಟಲಿಗೂ ಈಡಾಗುವವರು. ಆದರೆ ಸುದ್ದಿ ಸಾರಲು ಹೋದ ದಾರಿಯಲ್ಲೇ ತಪ್ಪೊಪ್ಪಲೂ ನಡೆದು ಹೋಗುತ್ತಾರೆ. ಸುದ್ದಿ ಹೇಳುವವರು ತೊಟ್ಟ ಕೋಟಿಗೆ ಮರ್ಯಾದೆ ಬರುವುದು, ಆಚೆ ಬದಿಯಲ್ಲಿ ಇಂಥವರೊಬ್ಬರು ಕೋಟು ತೊಟ್ಟು ಕೂತಿರುವುದರಿಂದ.