ಸಡಿಲ ಟ್ಯಾಪೆಟ್

ಹಳೆಯ ಬ್ರಿಟಿಷ್ ಮೋಟಾರ್ ಸೈಕಲ್ಲುಗಳಿಗೆ ಮತ್ತೆ ಜೀವ ತುಂಬುವ ಮೇಸ್ತ್ರಿಗೆ ಕೈಗಿಂತ ಕಿವಿ ಮುಂದು. ಕಿಕ್ಕರ್ ತುಳಿದು ಕಣ್ಣು ಮುಚ್ಚಿದನೆಂದರೆ, ಪದ್ಯ ಕೇಳುತ್ತ ತಲೆದೂಗುವವರ ಹಾಗೆ ನಿಂತುಬಿಡುತ್ತಿದ್ದ. ಎಲ್ಲಿ ಯತಿ ತಪ್ಪಿತೋ ಅಲ್ಲಿಗೇ ಅವನ ಸ್ಪ್ಯಾನರ್ ಹೋಗುತ್ತಿತ್ತು.

ಆ ಸಂಜೆ ಅವನು ನರ್ಸಮ್ಮನ ಮನೆಯಂಗಳದಲ್ಲಿದ್ದ. ಅವಳ ಅಪ್ಪ ತೀರಿಕೊಂಡಂದಿನಿಂದ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿದ್ದ ಗಾಡಿಯನ್ನು ತಿಂಗಳುಗಟ್ಟಲೆ ಕೂತು ಬಿಚ್ಚಿ, ತೊಳೆದು, ಜೋಡಿಸಿದ್ದ. ಟ್ಯಾಂಕಿನ ಹಸಿರಿನಲ್ಲಿ ಮೋಡಗಳು ಇಳಿದು ಈಜುತ್ತಿದ್ದವು. ಆದರೆ ನರ್ಸಮ್ಮನಿಗೆ ಬೇಕಿದ್ದುದು ಹೊಳಪಲ್ಲ. ಕಣ್ಣಿನ ಬೆಳಕು ಕಳೆದುಕೊಂಡ ಅವಳ ಅಮ್ಮ ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಗಂಡ ಕೆಲಸದಿಂದ ಮನೆಗೆ ಬರುವ ಸದ್ದನ್ನು ಅವರು ಇನ್ನೊಮ್ಮೆ ಕೇಳಬೇಕು, ಅಷ್ಟೇ.

ಮೇಸ್ತ್ರಿ ಕಿಕ್ಕರ್ ತುಳಿದ. ಎಂಜಿನ್ ಒಂದಕ್ಷರವೂ ಎಡವದೆ ತುಂಬುಗಂಟಲಲ್ಲಿ ಹಾಡತೊಡಗಿತು. ಅವನ ಎದೆಯೂ ಅದೇ ಲಯಕ್ಕೆ ಕೂತಿತು.

ಅಮ್ಮ ಮುಖ ಎತ್ತಲಿಲ್ಲ. "ಯಾರೋ ಬಂದ್ರು ನೋಡೇ. ಏನು ಬೇಕಂತೆ ಕೇಳು."

"ಅಪ್ಪನ ಗಾಡಿ ಕಣಮ್ಮ."

"ನನಗೇ ಹೇಳಿಕೊಡ್ತೀಯಾ? ಇದು ಯಾರೋ ದೊಡ್ಡ ಮನುಷ್ಯರದು, ಬಾಯ್ತುಂಬ ಮಾತಾಡುತ್ತೆ. ನಮ್ಮದು ಮಾತಿಗೊಂದು ಸಲ ಲೊಚಗುಟ್ಟೋದು, ನಿಮ್ಮಪ್ಪನ ಹಾಗೇನೇ."

ಮೇಸ್ತ್ರಿ ಎಂಜಿನ್ ಆರಿಸಿದ. ಅವನ ಮುಖವೂ ಆರಿತ್ತು. "ಟ್ಯಾಪೆಟ್ಟು. ವಾಲ್ವ್ ತೆಗೆಯೋ ಕಡ್ಡಿ ಸಡಿಲ ಇತ್ತು, ಅದೇ ಬಡೀತಿತ್ತು. ನಾನೇ ಸರಿ ಮಾಡ್ದೆ."

"ರೋಗ ವಾಸಿ ಆಯ್ತು, ರೋಗಿ ಗುರುತೇ ಸಿಗ್ತಿಲ್ಲ" ಎಂದಳು ನರ್ಸಮ್ಮ. ನಗಲು ಹೋದವಳಿಗೆ ನಗು ಬರಲಿಲ್ಲ.

ಟ್ಯಾಪೆಟ್ ಸಡಿಲ ಬಿಟ್ಟು ಗಾಡಿ ಕೊಟ್ಟವನಲ್ಲ ಮೇಸ್ತ್ರಿ. ಹಾಗೆ ಕೊಟ್ಟವರನ್ನು ಬಾಯಿಗೆ ಬಂದಂತೆ ಬೈದವನು. ಈಗ ಅವನೇ ಸ್ಪ್ಯಾನರ್ ಕೈಗೆತ್ತಿಕೊಂಡ. ಆಮೇಲೆ ಮಂಡಿಯೂರಿ, ಬಿಸಿ ಎಂಜಿನ್ನಿನ ಮುಚ್ಚಳಕ್ಕೆ ಕೈ ಹಾಕಿದ.

"ಯಾವಾಗ್ಲೂ ತಣ್ಣಗಾಗೋವರೆಗೆ ಕಾಯ್ತಿದ್ರಲ್ಲ ಮೇಸ್ತ್ರಿ?" ಎಂದಳು ನರ್ಸಮ್ಮ.

"ಸರಿ ಮಾಡೋಕೆ ಕಾಯ್ಬೇಕು ತಾಯಿ. ಕೆಡಿಸೋಕೆ ಯಾವ ಮುಹೂರ್ತ?"

ಒಂದೆಳೆ ಸಡಿಲಿಸಿ ಚಾಲೂ ಮಾಡಿದ. ಅಮ್ಮ ಕತ್ತು ವಾಲಿಸಿದರು. "ಹೂಂ... ದೂರದ ನೆಂಟರ ಹಾಗಿದೆ." ಇನ್ನೊಂದೆಳೆ ಸಡಿಲಿಸಿದ. "ಇದು ಜಾಸ್ತಿ ಆಯ್ತಪ್ಪ. ಆಫೀಸಲ್ಲಿ ಜಗಳ ಆಡ್ಕೊಂಡು ಬಂದ ದಿನ ಹೀಗಿರೋದು." ಕೂದಲೆಳೆಯಷ್ಟು ಬಿಗಿ ಮಾಡಿದ.

ಟಕ್ಕು, ಟಕ್ಕು. ಅಂಗಳದ ಗಾಳಿಯೇ ಹಿಂದಕ್ಕೆ ತಿರುಗಿದಂತಾಯಿತು. ಅಮ್ಮನ ಕೈ ತಾನಾಗಿ ಮೇಲೆದ್ದು ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿತು.

"ಈಗ ಆರಿಸು" ಎಂದರು, ಪಿಸುಮಾತಿನಲ್ಲಿ.

ಆರಿಸಿದ. ಅಮ್ಮ ಮೆಟ್ಟಿಲ ಕಡೆಗೆ ಮುಖ ಮಾಡಿ ಕಾದರು. ಯಾರೂ ಹತ್ತಿ ಬರಲಿಲ್ಲ.

"ಗೊತ್ತು ಬಿಡು" ಎಂದರು ಅಮ್ಮ ಕೊನೆಗೆ. "ಆದ್ರೂ ಇನ್ನೊಂದು ಸಲ ಬರ್ಲಿ. ದೂರದಿಂದ."

ಮೇಸ್ತ್ರಿ ಚಪ್ಪಲಿ ಕಳಚಿ ಬದಿಗಿಟ್ಟ. ಗಾಡಿಯನ್ನು ಸದ್ದಿಲ್ಲದೆ ತಳ್ಳಿಕೊಂಡು ಬೀದಿಗಿಳಿದ.